ಬಿಸಿಲು ಮೇಡಂ

ಮನೆಗಳ ನಕ್ಷೆ ಬರೆಯುವ ಆಕೆಗೆ ಗಾರೆ ಕೆಲಸದವರು ಇಟ್ಟ ಹೆಸರು ಬಿಸಿಲು ಮೇಡಂ. ಮನೆ ಕಟ್ಟಿಸುವವರು ಯಾರೇ ಬರಲಿ, ಅವರನ್ನು ಇಳಿಹೊತ್ತಿನ ಉರಿಬಿಸಿಲಿಗೆ ಖಾಲಿ ಸೈಟಿಗೆ ಕರೆದೊಯ್ದು, ಮಡಚುವ ಕುರ್ಚಿಯಲ್ಲಿ ಕೂರಿಸಿ ಬೆವರಿಳಿಸದೆ ಆಕೆ ಪೆನ್ಸಿಲ್ ಮುಟ್ಟುವವಳಲ್ಲ. "ಸೂರ್ಯ ನಿಮ್ಮ ಬೀಗರೇನಲ್ಲ ಸರ್, ಹಾಲ್‌ನೊಳಗೆ ಕರೆದು ಕೂರಿಸೋಕೆ. ಹೊರಗೇ ನಿಲ್ಲಿಸಿ ಮಾತಾಡಿಸೋಣ," ಎನ್ನುತ್ತಾಳೆ. ಗಾಳಿ ಎತ್ತಲಿಂದ ಬರುತ್ತದೆಂದು ತಿಳಿಯಲು ತನ್ನ ದುಪಟ್ಟಾವನ್ನೇ ಕೋಲಿಗೆ ಕಟ್ಟಿ, ಅದು ಅಲುಗಾಡುವವರೆಗೂ ತಾನು ಅಲುಗಾಡುವುದಿಲ್ಲ. ಸೈಟಿನಲ್ಲಿ ಮರವಿದ್ದರೆ ಗೋಡೆಯೇ ಪಕ್ಕಕ್ಕೆ ಸರಿಯಬೇಕು. ಮೊನ್ನೆ ಪಶ್ಚಿಮಕ್ಕೆ ಪೂರ್ತಿ ಗಾಜಿನ ಗೋಡೆಯೇ ಬೇಕೆಂದು ಹಟ ಹಿಡಿದ ವ್ಯಾಪಾರಿಯೊಬ್ಬ, "ಏಸಿ ಹಾಕಿಸ್ತೀನಿ ಬಿಡಮ್ಮ. ನೀನು ಬರೆಯಲ್ಲ ಅಂದ್ರೆ ಬೇರೆಯವರು ಬರೀತಾರೆ," ಎಂದ. ಆಕೆಯ ಕೈಯಲ್ಲಿದ್ದುದು ಅದೊಂದೇ ಕೆಲಸ. "ಬರೆಸಿ ಸರ್. ಕರೆಂಟ್ ಹೋದಾಗ ಆ ಗಾಜಿನ ಹಿಂದೆ ಯಾರು ಕೂತಿರ್ತಾರೆ ಅಂತ ಮಾತ್ರ ಯೋಚನೆ ಮಾಡಿ," ಎಂದು ಕುರ್ಚಿಗಳನ್ನು ಮಡಚಿದಳು. ಆಕೆ ಬಾಡಿಗೆಗಿರುವ ತಗಡಿನ ಚಾವಣಿಯ ಒಂಟಿ ಕೋಣೆಯನ್ನು ಅವನು ಕಂಡಿರಲಿಲ್ಲ. ಅಲ್ಲಿ ಹಾಸಿಗೆ ಹಿಡಿದಿರುವ ತಾಯಿಯ ಮಂಚಕ್ಕೆ ಆಕೆ ಚಕ್ರ ಹಾಕಿಸಿದ್ದಾಳೆ. ಬಿಸಿಲು ತಿರುಗಿದಂತೆಲ್ಲ ಅದನ್ನು ಗೋಡೆಯಿಂದ ಗೋಡೆಗೆ ತಳ್ಳುತ್ತಾಳೆ. ಅಂದು ಸಂಜೆಯೂ ಮನೆಗೆ ಬಂದವಳೇ ಕಾದ ಗೋಡೆಯಿಂದ ಮಂಚವನ್ನು ದೂರ ಸರಿಸತೊಡಗಿದಳು. "ಆ ಕೆಲಸ ಏನಾಯ್ತೇ?" ಎಂದು ತಾಯಿ ಕೇಳಿದರು. "ಹೋಯ್ತಮ್ಮ. ಇನ್ನೊಂದು ಬರುತ್ತೆ," ಎಂದಳು ಮಗಳು, ಮಂಚವನ್ನು ಇನ್ನೊಂದು ಗೇಣು ತಳ್ಳುತ್ತಾ. "ಈಗ ಗಾಳಿ ಬರ್ತಿದೆಯಾ, ಹೇಳು."