ಬೈಯದೆ ಕೂತ ನಮ್ಮತ್ತೆ

ನಮ್ಮತ್ತೆಯ ಬಾಯಿಗೆ ಬ್ಯಾಡಗಿಯ ನಮ್ಮ ಇಡೀ ಓಣಿ ಹೆದರುತ್ತಿತ್ತು. ರಾಣೆಬೆನ್ನೂರಿನಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಾನಂತೂ ಬೆರಗಾಗಿದ್ದೆ. ಬೈಗುಳದಲ್ಲಿ ಇಷ್ಟು ಬಗೆ ಇವೆಯೆಂದು ನನ್ನ ತವರಿನವರಿಗೆ ಗೊತ್ತೇ ಇರಲಿಲ್ಲ. ಎಮ್ಮೆ, ಕೋಳಿ, ಸೊಸೆ, ಓಟು ಕೇಳಲು ಬಂದವರು, ಯಾರನ್ನೂ ಆಕೆ ಬಿಡುತ್ತಿರಲಿಲ್ಲ. ಅಂಥವಳು ಒಂದು ಬೇಸಿಗೆ ಬೈಯುವುದನ್ನೇ ಬಿಟ್ಟಳು ಎಂದರೆ ನೀವು ನಂಬಬೇಕು.

ಅತ್ತೆ ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದಳು. ತುಂಬು ಅಂದರೆ ತೊಟ್ಟು. ಕಾಲು ಗಟ್ಟಿ ಇದ್ದವರು ವ್ಯಾಪಾರಸ್ಥರ ಅಂಗಳಕ್ಕೆ ಹೋಗಿ ಬಿಡಿಸುತ್ತಿದ್ದರು. ಅತ್ತೆಯ ಮೊಣಕಾಲು ಎಂದೋ ಕೈಕೊಟ್ಟಿದ್ದವು. ಹಾಗಾಗಿ ಚೀಲ ಮನೆಗೇ ಬರುತ್ತಿತ್ತು. ಆಕೆಯೂ ಪಕ್ಕದ ಮನೆಯ ಚಾಚಿಯೂ ಬೀದಿಬದಿಯ ಬೇವಿನ ನೆರಳಲ್ಲಿ ಗೋಣಿತಟ್ಟು ಹಾಸಿ ಕೂತರೆ, ಕನ್ನಡದಲ್ಲಿ ಶುರುವಾದ ಮಾತು ಉರ್ದುವಿನಲ್ಲಿ ಮುಗಿಯುತ್ತಿತ್ತು. ಆ ಕೆಲಸ ಬಿಟ್ಟರೆ ಅತ್ತೆಗೆ ಬೇರೆ ದುಡಿಮೆ ಇರಲಿಲ್ಲ, ಯಾರ ಮುಂದೆಯೂ ಕೈಚಾಚುವ ಜಾಯಮಾನವೂ ಇರಲಿಲ್ಲ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ.

ಆಗ ಬಂತು ನೋಡಿ ಹೊಸ ನಿಯಮ. ಬೀದಿಬದಿಯಲ್ಲಿ ಯಾರೂ ಕೂತು ಕಾಯಿ ಬಿಡಿಸುವಂತಿಲ್ಲ. ಕಂಡರೆ ಚೀಲ ಜಪ್ತಿ. ಓಡಾಟಕ್ಕೆ ಅಡಚಣೆಯಂತೆ! ನಮ್ಮ ಓಣಿಯಲ್ಲಿ ಓಡಾಡುವುದು ಎಮ್ಮೆಗಳು, ಮತ್ತೆ ಹಾಲಿನವನು. ದೊಡ್ಡ ರಸ್ತೆಯಲ್ಲಿ ಲಾರಿ ದಿನವಿಡೀ ಅಡ್ಡ ನಿಂತರೆ ಅದು ವ್ಯಾಪಾರ, ಇಬ್ಬರು ಮುದುಕಿಯರು ನೆರಳಿಗೆ ಕೂತರೆ ಅಡಚಣೆ. ಅಂಗಳ ಇದ್ದವರಿಗೆ ತಾಗದೆ, ಇಲ್ಲದವರಿಗೆ ಮಾತ್ರ ತಾಗುವ ಕಾನೂನು. ನೆನೆದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

"ಒಳಗ ಕುಂತು ಬಿಡಸ್ರಿ ಅತ್ತೀ. ಬಾಗಲಾ ಹಾಕ್ಕೊಂಡ್ರ ಯಾರಿಗೆ ಗೊತ್ತಾಕ್ಕೈತಿ?" ಎಂದೆ. ಓಣಿಯ ಹಲವರು ಹಾಗೇ ಮಾಡುತ್ತಿದ್ದರು. ಘಾಟಿಗೆ ಮನೆಮಂದಿಯೆಲ್ಲ ಸೀನುತ್ತಿದ್ದರು.

"ಕದ್ದು ಮಾಡಿದ್ರ ತಪ್ಪು ನಮ್ದ ಅಂತ ಒಪ್ಪಿಕೊಂಡಂಗ," ಎಂದಳು ಅತ್ತೆ. "ನಾ ಬಯಲಾಗ ಕುಂದರ್ತೀನಿ. ಹಿಡದ್ರ ಅವರ ಹಿಂದ ಹೋಗ್ತೀನಿ. ತಪ್ಪು ಯಾರ್ದು ಅಂತ ಊರು ನೋಡ್ಲಿ."

"ಹಂಗಾರ ಹಿಡಿಯಾಕ ಬಂದವ್ರ ಕಣ್ಣಿಗೆ ಒಂದು ಹಿಡಿ ಖಾರಾ ಹೊಡೀರಿ!" ಬ್ಯಾಡಗಿಯಲ್ಲಿ ಆಯುಧಕ್ಕೇನು ಬರವೇ?

"ಬಾಯಿ ಮುಚ್ಚ. ಖಾರಾ ಹೊಡದ್ರ ಊರೆಲ್ಲಾ ಖಾರದ್ದ ಮಾತಾಡ್ತೈತಿ, ನಮ್ಮ ಕೂಳಿಂದು ಯಾರೂ ಕೇಳಂಗಿಲ್ಲ. ಹೊಡಿಯೂದೂ ಇಲ್ಲ, ಬೈಯೂದೂ ಇಲ್ಲ. ಕದರಮಂಡಲಗಿ ಹನುಮಪ್ಪನ ಆಣಿ."

ಚಾಚಿ ಬಿದ್ದು ಬಿದ್ದು ನಕ್ಕಳು. "ಊಟಾ ಬಿಡ್ತೀನಿ ಅನ್ನಬೇ ಅಕ್ಕಾ, ನಂಬ್ತೀನಿ. ಬೈಯೂದು ಬಿಡ್ತೀಯಾ?"

ಬಿಟ್ಟಳು! ಇಬ್ಬರೂ ಬೀದಿಗೆ ಬಂದು ಕೂತರು. ಅವರನ್ನು ನೋಡಿ ಬಾಗಿಲು ಹಾಕಿಕೊಂಡಿದ್ದವರೂ ಒಬ್ಬೊಬ್ಬರಾಗಿ ಹೊರಗೆ ಬಂದರು. ಚೀಲ ಜಪ್ತಿಯಾದರೆ ಮರುದಿನ ಪಕ್ಕದವಳ ಚೀಲದಲ್ಲಿ ಪಾಲು. ಹಾಲಿನವನ ಗಾಡಿ ಅತ್ತೆಯ ರಾಶಿಯ ಮೇಲೆಯೇ ಹಾದುಹೋದ ದಿನ ಆಕೆಯ ಮುಖ ಕಾಯಿಗಿಂತ ಕೆಂಪಾಯಿತು. ಬಾಯಿಂದ ಬಂದದ್ದು "ಶಿವಶಿವಾ" ಮಾತ್ರ. "ಬೈಗಳಾ ನುಂಗಿ ನುಂಗಿ ಹೊಟ್ಟಿ ಉಬ್ಬೈತಿ ನೋಡವ್ವಾ," ಎಂದು ನನ್ನ ಬಳಿ ಗೋಳಾಡಿದಳು.

ಒಂದು ಮಧ್ಯಾಹ್ನ ಪೊಲೀಸ್ ಸಾಹೇಬರೊಬ್ಬರು ಬಂದರು, ಜೊತೆಗೆ ಚಿಕ್ಕ ವಯಸ್ಸಿನ ಮಹಿಳಾ ಪೊಲೀಸ್. ಆ ಹುಡುಗಿ ಅತ್ತೆಯ ಎರಡೂ ಕೈ ಹಿಡಿದು ಎಬ್ಬಿಸತೊಡಗಿದಳು. ಕೀಲುನೋವಿನವಳನ್ನು ಎಬ್ಬಿಸುವುದು ಸುಲಭವೇ! ಹುಡುಗಿಗೆ ಬೆವರು ಇಳಿಯಿತು, ಒರೆಸಿಕೊಳ್ಳಲು ಅತ್ತೆಯನ್ನು ಹಿಡಿದಿದ್ದ ಅದೇ ಕೈ ಕಣ್ಣಿಗೆ ಹೋಯಿತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಒಮ್ಮೆ ಹಾಗೆ ಕಣ್ಣು ಉಜ್ಜಿಕೊಂಡು ನೋಡಬೇಕು. ಹುಡುಗಿ "ಯವ್ವಾ!" ಎಂದು ಚೀರಿ ಕೂತುಬಿಟ್ಟಳು.

"ಪೊಲೀಸರ ಮ್ಯಾಲ ಖಾರಾ ಹೊಡದ್ರು!" ಸಾಹೇಬರು ಗುಡುಗಿದರು. "ದೊಡ್ಡ ಕೇಸ್ ಹಾಕ್ತೀನಿ. ಹಾವೇರಿ ಕೋರ್ಟಿಗೆ ಅಡ್ಡಾಡ್ರಿ ಇನ್ನ!"

 ಅಷ್ಟು ದಿನ ಕೂತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಯಿತಲ್ಲ ಎಂದು ನನಗೆ ಅಳು ಬಂತು. ಅತ್ತೆ ಸಾಹೇಬರ ಕಡೆ ತಿರುಗಿಯೂ ನೋಡಲಿಲ್ಲ. ತನ್ನ ಕೈ ಎರಡನ್ನೂ ಬೆನ್ನಹಿಂದೆ ಇಟ್ಟುಕೊಂಡು ನನ್ನನ್ನು ಕೂಗಿದಳು. "ಹೊಲಿಗಿ ಮಾಡಾಕಿ, ನಿನ್ನ ಕೈ ಸ್ವಚ್ಛ ಅದಾವು. ಬಾ, ಆಕಿ ಮಾರಿ ತೊಳಿ, ಲಗೂ!"

ಖರೇ ಹೇಳುತ್ತೇನೆ, ಇನ್ನೊಂದಿಷ್ಟು ಉರಿಯಲಿ ಎಂದೇ ನನಗೆ ಅನ್ನಿಸಿತ್ತು. ಆದರೂ ತೊಳೆದೆ. ಚಾಚಿ ಚಹಾಕ್ಕೆಂದು ಇಟ್ಟಿದ್ದ ತಣ್ಣನೆಯ ಹಾಲು ತಂದಳು. ಬಟ್ಟೆ ಅದ್ದಿ ಆ ಹುಡುಗಿಯ ರೆಪ್ಪೆಯ ಮೇಲಿಟ್ಟೆ. "ತಿಕ್ಕಬ್ಯಾಡ ನನ್ನವ್ವಾ, ತಿಕ್ಕಿದ್ರ ಹೆಚ್ಚಾಕ್ಕೈತಿ," ಎಂದು ಅತ್ತೆ ಪಕ್ಕದಲ್ಲೇ ಕೂತು ಸಮಾಧಾನ ಮಾಡಿದಳು.

ಹುಡುಗಿ ಕೊನೆಗೆ ಕೆಂಪು ಕಣ್ಣು ತೆರೆದು ಸಾಹೇಬರನ್ನು ನೋಡಿದಳು. "ಯಾರೂ ಹೊಡದಿಲ್ರಿ ಸರ್. ನಾನ ಅಜ್ಜಿ ಕೈ ಹಿಡದಿದ್ದೆ. ಇಷ್ಟು ಉರಿಯೂ ಕೈಲೆ ದಿನಾ ಹೆಂಗ ಉಣ್ತಾರೋ ಏನೋ."

 ಸಾಹೇಬರು ಅವತ್ತು ಯಾರನ್ನೂ ಹಿಡಿಯದೆ ಹೋದರು. ಆ ಹುಡುಗಿಯ ಮಾತು ಮಾರುಕಟ್ಟೆಯಲ್ಲೆಲ್ಲ ಹಬ್ಬಿ, ವ್ಯಾಪಾರಸ್ಥರೇ ನಮ್ಮ ಪರವಾಗಿ ಮಾತಾಡಿದರು; ನಿಯಮ ಮಾಡಿದವರು ಓಣಿಗೆ ಬಂದು ನೋಡಿ, ಅದನ್ನು ವಾಪಸ್ ತೆಗೆದುಕೊಂಡರು. ಸುದ್ದಿ ತಿಳಿದ ಸಂಜೆಯೇ ಅತ್ತೆ ಬೀದಿಯಲ್ಲಿ ನಿಂತು, ನುಂಗಿದ್ದನ್ನೆಲ್ಲ ಹಾಲಿನವನಿಗೆ ಒಪ್ಪಿಸಿದಳು. ಅವನು ನಗುತ್ತಾ ಪೂರ್ತಿ ಕೇಳಿಸಿಕೊಂಡ.

ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ. "ನಿಮ್ಮನ್ನ ಎಳದಾಕಿಗೆ ಯಾಕ ಅಷ್ಟು ಉಪಚಾರ ಮಾಡಿದ್ರಿ ಅತ್ತೀ?" ಎಂದು ಕೇಳಿಯೇ ಬಿಟ್ಟೆ.

ಅತ್ತೆ ನನ್ನ ತಲೆಗೆ ಮೆಲ್ಲಗೆ ಮೊಟಕಿದಳು.

"ಆಕಿ ಕಣ್ಣು ತೆರೀದಿದ್ರ, ನಮ್ಮ ಕಷ್ಟಾ ಯಾರಿಗೆ ತೋರಸ್ತಿದ್ವಿ, ಹುಚ್ಚಿ?"