ತಾಂಡೇಲ ಮಾಮನ ಲ್ಯಾಪ್‌ಟಾಪು

ಕಾರವಾರದ ಒಂದು ಔಷಧಿ ಗೋದಾಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ ಹೊಡೆಯುವುದು ನನ್ನ ಉದ್ಯೋಗ. ಆ ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿರುವುದು ಎರಡೇ: ಬಿಲ್ ಹೊಡೆಯುವುದು, ಅದು ನಿಂತುಹೋದರೆ ಬಂದ್ ಮಾಡಿ ಮತ್ತೆ ಶುರು ಮಾಡುವುದು. ಆದರೆ ಹಾರವಾಡದ ನಮ್ಮ ಬಳಗದಲ್ಲಿ ನಾನು ಇಂಜಿನಿಯರಿಗೆ ಸಮ. ಯಾರ ಮನೆಯ ಟೀವಿ ಕೆಟ್ಟರೂ ನನಗೆ ಫೋನು ಬರುತ್ತದೆ. ನಾನೂ ಒಲ್ಲೆ ಅನ್ನುವವನಲ್ಲ. ಹೋಗಿ, ಹುಬ್ಬು ಗಂಟಿಕ್ಕಿ, ಬಂದ್ ಮಾಡಿ ಶುರು ಮಾಡಿ, ಚಾ ಕುಡಿದು ಬರುತ್ತೇನೆ. ಹೀಗಾಗಿ ದೇವಿದಾಸ ಮಾಮನಿಗೆ ಲ್ಯಾಪ್‌ಟಾಪು ಬೇಕಾದಾಗ ಅದನ್ನು ಆರಿಸುವ ಗೌರವವೂ ನನಗೇ ಸಂದಿತು.

ಮಾಮ ನನ್ನ ಆಯಿಯ ಅಣ್ಣ. ಕಾರವಾರದ ಬಂದರಿನಿಂದ ಹೊರಡುವ ಒಂದು ದೊಡ್ಡ ಬೋಟಿನಲ್ಲಿ ತಾಂಡೇಲನಾಗಿದ್ದವನು. ಬೋಟು ಯಾವಾಗ ಬಿಡಬೇಕು, ಬಲೆ ಎಲ್ಲಿ ಇಳಿಸಬೇಕು, ಯಾವಾಗ ಎಳೆಯಬೇಕು ಎಂಬುದೆಲ್ಲ ತಾಂಡೇಲನ ಬಾಯಿಂದಲೇ ಬರಬೇಕು, ಉಳಿದವರು ಕೇಳಬೇಕು. ಮೊಣಕಾಲು ಸವೆದು, ಇನ್ನು ಬೋಟು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೆ ಮಾಮ ಮನೆಯ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆದುಕೊಡುತ್ತಿದ್ದ. ಊಟಕ್ಕೇನೂ ಕೊರತೆ ಇರಲಿಲ್ಲ. ಮಾದೇವಿ ಮಾಮಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ, ಅವಳ ಬುಟ್ಟಿ ಖಾಲಿಯಾಗದೆ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. ಕೊರತೆ ಬೇರೆಯದು. ಮಾಮನ ಮಾತು ಕೇಳಿ ಹಗ್ಗ ಎಳೆಯುವವರು ಯಾರೂ ಉಳಿದಿರಲಿಲ್ಲ. ಬೆಕ್ಕಿಗೆ ಹುಕುಂ ಮಾಡಿ ನೋಡುತ್ತಿದ್ದ; ಅದು ಬೇರೆ ಬೋಟಿನದು ಎಂಬಂತೆ ಎದ್ದು ಹೋಗುತ್ತಿತ್ತು.

ಹೀಗಿರುವಾಗ ಹಾವೇರಿ ಕಡೆಯಿಂದ ಕಲಾವತಿ ಎಂಬವರು ಸಮುದ್ರ ನೋಡಲೆಂದು ಹಾರವಾಡಕ್ಕೆ ಬಂದರು. ಅವರ ಊರಲ್ಲಿ ಹೆಂಗಸರಿಗೆ ವಾಲಿಬಾಲ್ ನೆಟ್ಟು, ಬಲೆಯ ಜೋಕಾಲಿ ಹೆಣೆಯಲು ಕಲಿಸುವ ಒಂದು ಕೇಂದ್ರ ನಡೆಸುತ್ತಾರಂತೆ. ಜಗಲಿಯಲ್ಲಿ ಮಾಮನ ಕೈ ಓಡುವುದನ್ನು ಕಂಡು ಸಮುದ್ರ ನೋಡುವುದನ್ನು ಬಿಟ್ಟು ಅಲ್ಲೇ ನಿಂತರು. ಇಲ್ಲಿಂದಲೇ ವೀಡಿಯೋದಲ್ಲಿ ಪಾಠ ಹೇಳಬಹುದೇ ಎಂದು ಕೇಳಿದರು. ಮೊದಲು ಒಂದು ಪಾಠ ನೋಡುವುದು, ಹೆಂಗಸರಿಗೆ ತಿಳಿದರೆ ಮುಂದುವರಿಸುವುದು. ಇಲ್ಲವಾದರೆ ಹೊನ್ನಾವರದಲ್ಲಿ ಇನ್ನೊಬ್ಬರಿದ್ದಾರೆ ಎಂದೂ ಹೇಳಿಹೋದರು.

ಮಾಮ ನನಗೆ ಫೋನು ಮಾಡಿದ. "ತಮಾ, ಮೊಬೈಲಲ್ಲಿ ಅವ್ರು ಹಾಕೂ ಗಂಟು ನನ್ನ ಕಣ್ಣಿಗೆ ಕಾಣುದಿಲ್ಲ. ಸ್ವಲ್ಪ ದೊಡ್ಡದು ಬೇಕು. ಮೌಸು ಗೀಸು ಬೇಡ, ಬೆರಳಲ್ಲಿ ಒತ್ತುದು ಇರ್ಲಿ. ಹೊನ್ನಾವರದವನಿಗೆ ಹೋಗುದು ಬೇಡ ಇದು."

ಕೊನೆಯ ಮಾತನ್ನು ಮೆಲ್ಲಗೆ ಹೇಳಿದ.

ಒಂದು ವಾರ ನಾನು ಗೋದಾಮಿನಲ್ಲಿ ಬಿಲ್ಲಿಗಿಂತ ಹೆಚ್ಚಾಗಿ ಲ್ಯಾಪ್‌ಟಾಪಿನ ವೀಡಿಯೋ ನೋಡಿದೆ. ಪ್ರೊಸೆಸರು, ರ‍್ಯಾಮು ಎಂದೆಲ್ಲ ಬಾಯಿಪಾಠ ಮಾಡಿಕೊಂಡೆ. ಕಾರವಾರದ ಅಂಗಡಿಯಲ್ಲಿ ಇವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಾಗ ಅಲ್ಲಿನ ಹುಡುಗ ರೋಷನ, "ಯಾರಿಗೆ ಸರ್?" ಎಂದ. ಮಾಮನನ್ನು ತೋರಿಸಿದೆ. ಅವನು ನನ್ನನ್ನು ಬಿಟ್ಟು ಮಾಮನ ಕಡೆ ತಿರುಗಿ ಒಂದು ಪುಟ್ಟ ಲ್ಯಾಪ್‌ಟಾಪು ತಂದಿಟ್ಟ. ಹೆಚ್ಚು ಬೆಲೆಯದಲ್ಲ, ಊಟದ ಡಬ್ಬಿ ಹಾಕುವ ಚೀಲದಲ್ಲಿ ಹಿಡಿಯುವಷ್ಟು ಸಣ್ಣದು.

ಮಾಮ ಅದನ್ನು ಒಂದು ಕೈಯಲ್ಲಿ ಎತ್ತಿದ, ಮುಚ್ಚಿದ, ತೆರೆದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ರೋಷನ ಕಣ್ಣು ಮುಚ್ಚಿಕೊಂಡ. ಆಮೇಲೆ ಬೆರಳಿಂದ ಒತ್ತಿದರೆ ತೆರೆ ಅಲುಗಲಿಲ್ಲ. ಹಗ್ಗ ಎಳೆದೆಳೆದು ಜಡ್ಡುಗಟ್ಟಿದ ಬೆರಳನ್ನು ಅದು ಬೆರಳೆಂದೇ ಒಪ್ಪಲಿಲ್ಲ. ಕಿರುಬೆರಳ ಪಕ್ಕದಿಂದ ಮುಟ್ಟಿದಾಗ ಒಪ್ಪಿತು.

"ಸಮುದ್ರದ ಗಾಳಿಗೆ ತುಕ್ಕು ಹಿಡಿತದ್ಯಾ?"

"ಒಂದು ವರ್ಷ ವಾರಂಟಿ ಅದೆ, ಅಣ್ಣಾ."

"ಗಾಳಿಗೂ ಅದೆಯಾ?"

ರೋಷನ ನಕ್ಕು, ತೆರೆಯನ್ನು ಪೂರ್ತಿ ಹಿಂದಕ್ಕೆ ಮಡಚಿ ಡೇರೆಯಂತೆ ನಿಲ್ಲಿಸಿ ತೋರಿಸಿದ. "ಅದೆಲ್ಲ ಬರೀ ಶೋಕಿ, ಮಾಮಾ. ರ‍್ಯಾಮು ಮುಖ್ಯ," ಎಂದು ನಾನು ತಜ್ಞನಾಗಿ ಹೇಳಿದೆ.

ಮನೆಗೆ ತಂದ ಮೇಲೆ ದಿನಬಳಕೆಯ ಪರೀಕ್ಷೆ ನಡೆಯಿತು. ಬೆಳಿಗ್ಗೆ ಮಾಮ ಗಾಳಿಯ ನಕ್ಷೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, ಅಂಗಳಕ್ಕೆ ಹೋಗಿ ಆಕಾಶ ನೋಡಿ, ಎರಡೂ ಒಂದೇ ಹೇಳುತ್ತವೆಯೋ ಎಂದು ತಾಳೆ ನೋಡುತ್ತಿದ್ದ. ಸಂಜೆ ಮಾಮಿ ಧಾರಾವಾಹಿ ಹಾಕಿಕೊಳ್ಳುತ್ತಿದ್ದಳು. ಕರೆಂಟು ಹೋದರೂ ಅದು ಸಾಯಲಿಲ್ಲ, ಅದೊಂದು ಸುಖ. ಜಗಲಿಯ ಬೆಳಕಿಗೆ ಮಾತ್ರ ತೆರೆ ಕನ್ನಡಿಯಾಗುತ್ತಿತ್ತು. ಮಾಮ ಸಮುದ್ರಕ್ಕೆ ಬೆನ್ನು ಹಾಕಿ ಕೂರಬೇಕಾಯಿತು, ಆಯುಷ್ಯದಲ್ಲಿ ಮೊದಲ ಸಲ ಅಂದ. ಕೀಲಿಗಳು ಒತ್ತೊತ್ತಾಗಿದ್ದು ನಾನು ಒಂದು ಒತ್ತಿದರೆ ಎರಡು ಬೀಳುತ್ತಿದ್ದವು. ಒಟ್ಟಿಗೆ ನಾಲ್ಕು ಕೆಲಸ ಹೇಳಿದರೆ ಸುಮ್ಮನೆ ನಿಂತುಬಿಡುತ್ತಿತ್ತು. "ಬಹಳ ನಿಧಾನ, ಮಾಮಾ," ಎಂದೆ. "ಒಂದು ಮುಗಿಸಿ ಇನ್ನೊಂದು ಹೇಳು. ನಾಕು ಒಟ್ಟಿಗೆ ಹೇಳಿದ್ರೆ ನೀನಾದ್ರೂ ಮಾಡ್ತ್ಯಾ?" ಎಂದ ಮಾಮ.

ಪಾಠದ ದಿನ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಲೆ ಹೆಣೆಯುವ ಉದ್ದ ಸೂಜಿಗೆ ದಾರ ಸುತ್ತಿಟ್ಟುಕೊಂಡು ಕೂತಿದ್ದ. ನಮ್ಮಲ್ಲಿ ಹೊಸ ಬೋಟನ್ನು ನೀರಿಗೆ ಇಳಿಸುವ ಮೊದಲು ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುವುದುಂಟು. ಮಾಮಿ ಅದನ್ನೇ ಮಾಡಿದಳು. ಲ್ಯಾಪ್‌ಟಾಪಿನ ಮುಂದೆ ಕಾಯಿ ಒಡೆದು, ತೆರೆಯ ಮೇಲಂಚಿನ ನಟ್ಟನಡುವೆ, ಹಣೆಗೆ ಇಡುವಂತೆ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ದಪ್ಪಗೆ ಇಟ್ಟಳು. ನಾನು ಭಕ್ತಿಯಿಂದ ಕೈ ಮುಗಿದೆ.

ಕರೆ ಬಂತು. ಆಚೆ ಚಾಪೆಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಕಲಾವತಿಯವರು, "ನಮಸ್ಕಾರ. ಧ್ವನಿ ಕೇಳ್ತಿದೆ, ನೀವು ಕಾಣ್ತಿಲ್ಲ. ಬರೀ ಕೆಂಪುಗತ್ತಲೆ ಇದೆ," ಎಂದರು.

"ಒಂದು ನಿಮಿಷ ಮೇಡಂ, ಸೆಟ್ಟಿಂಗು," ಎಂದು ನಾನು ನುಗ್ಗಿದೆ. ಸಿಕ್ಕಿದ್ದನ್ನೆಲ್ಲ ಒತ್ತಿದೆ. ಬಂದ್ ಮಾಡಿ ಶುರು ಮಾಡಿದೆ. ಮತ್ತೆ ಕೆಂಪುಗತ್ತಲೆ. ಇನ್ನೊಮ್ಮೆ ಬಂದ್ ಮಾಡಿದೆ. ಮಾಮ ಸೂಜಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದ.

"ಕ್ಯಾಮೆರಾ ಕೆಟ್ಟದ್ದೇ ಕೊಟ್ಟಿದಾರೆ, ಮಾಮಾ. ವಾಪಸ್ ಕೊಡುವ," ಎಂದೆ.

ಕಲಾವತಿಯವರು, "ಇವರೆಲ್ಲ ಕೆಲಸ ಬಿಟ್ಟು ಬಂದಿದ್ದಾರೆ. ಇವತ್ತು ಆಗದಿದ್ದರೆ ನಾನು ಬೇರೆ ವ್ಯವಸ್ಥೆ..." ಎಂದರು. ಮಾಮ ಸೂಜಿಯನ್ನು ಕೆಳಗಿಟ್ಟ.

ಆಗ ಆಚೆಯ ಸಾಲಿನಲ್ಲಿ ವಯಸ್ಸಾದ ಒಬ್ಬಾಕೆ ಮುಂದಕ್ಕೆ ಬಾಗಿದಳು. "ಯಪ್ಪಾ, ಅದಕ್ಕ ಪೂಜಿ ಮಾಡೀರೇನು? ನಮ್ಮ ಸೊಸಿ ಹೊಸಾ ಫೋನಿಗೆ ಕುಂಕುಮ ಹಚ್ಚಿ ವಾರಗಟ್ಲೆ ಎಲ್ಲಾರ ಮಾರಿನೂ ಹಿಂಗ ಕೆಂಪಗ ಕಾಣತಿತ್ತು ನೋಡ್ರಿ."

ಮಾಮಿ ಬಂದು ನೋಡಿದಳು. "ಅದ್ರ ಕಣ್ಣು ಅಲ್ಲಿ ಇರ್ತದೆ ಅಂತ ಹೇಳುದಲ್ವಾ, ಇಂಜಿನಿಯರಾ," ಎಂದು ನನ್ನನ್ನೇ ಗದರಿಸಿ, ಸೆರಗಿನ ತುದಿಯಿಂದ ಒರೆಸಿ, ಮುಚ್ಚಳದ ಬೆನ್ನಿಗೆ ಹೊಸದಾಗಿ ಬೊಟ್ಟಿಟ್ಟಳು. ತೆರೆಯಲ್ಲಿ ಮಾಮನ ಮುಖ ಮೂಡಿತು. ಆಚೆ ಹೆಂಗಸರೆಲ್ಲ ನಕ್ಕರು. ಮಾಮ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡ.

ಪಾಠ ಶುರುವಾದ ಮೇಲೆ ಇನ್ನೊಂದು ತೊಡಕು. ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ಮಾಮ ನನ್ನನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಕಂಡಂತೆ ತೆರೆಯನ್ನು ಹಿಂದಕ್ಕೆ ಮಡಚಿ ಡೇರೆಯಂತೆ ನಿಲ್ಲಿಸಿದ. ತೆರೆ ತಲೆಕೆಳಗಾಗಿ, ಮೇಲಂಚಿನ ಕ್ಯಾಮೆರಾ ಕೆಳಗೆ ಬಂದು ಅವನ ಬೆರಳಿಗೇ ನೇರವಾಯಿತು. ನಾನು ಬರೀ ಶೋಕಿ ಅಂದದ್ದು ಇದನ್ನೇ. ರ‍್ಯಾಮಿನ ವಿಷಯ ಯಾರೂ ಎತ್ತಲಿಲ್ಲ.

"ದಾರ ಹೆಬ್ಬೆರಳಡಿ ಹಿಡಿರಿ. ಕುಣಿಕೆ ಮೇಲಿಂದ. ಈಗ ಎಳೀರಿ." ಮಾಮನ ದನಿ ಹೊರಬಿತ್ತು. ಬೆಕ್ಕಿಗೆ ಹೇಳುತ್ತಿದ್ದ ದನಿಯಲ್ಲ ಇದು. ಆಚೆ ಅಷ್ಟೂ ಕೈಗಳು ಒಟ್ಟಿಗೆ ಎಳೆದವು. ಅವನು ಕಿರುಬೆರಳಿಂದ ತೆರೆಯ ಒಂದು ಮೂಲೆಯನ್ನು ಮುಟ್ಟಿ ದೊಡ್ಡದು ಮಾಡಿದ. "ಹಸಿರು ಸೀರೆಯವ್ರೇ, ನಿಮ್ಮ ಗಂಟು ಜಾರ್ತದೆ. ಬಲೆಯ ಈ ಕಣ್ಣಲ್ಲಿ ವಾಲಿಬಾಲ್ ಅಲ್ಲ, ಎಮ್ಮೆ ದಾಟಿಹೋಗ್ತದೆ. ಬಿಚ್ಚಿ ಮತ್ತೆ ಹಾಕಿ."

ಹಸಿರು ಸೀರೆಯವಳು ನಗುತ್ತ ಬಿಚ್ಚಿದಳು.

ಮುಗಿಯುವ ಹೊತ್ತಿಗೆ ಎಲ್ಲರ ಮಡಿಲಲ್ಲೂ ಅಂಗೈಯಷ್ಟು ಬಲೆ ಇತ್ತು. ಕಲಾವತಿಯವರು ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ಆ ವಯಸ್ಸಾದಾಕೆಯೇ ಕೇಳಿದಳು: "ನಾಳಿಗೂ ನೀವ ಬರತೀರಲ್ರೀ, ಅಣ್ಣಾರ?"

ಮಾಮ ಕಲಾವತಿಯವರ ಕಡೆ ನೋಡಿದ. ಅವರು ತಲೆಯಾಡಿಸಿದರು.

"ಬರ್ತೆ," ಎಂದ ಮಾಮ. "ಆದ್ರೆ ಸೂಜಿಗೆ ದಾರ ಸುತ್ತಿ ತಯಾರಾಗಿ ಕೂತಿರಬೇಕು. ನಾನು ಬಂದ ಮೇಲೆ ಸುತ್ತುಕೆ ಶುರು ಮಾಡಿದ್ರೆ ನಿಮ್ಮನ್ನ ದಡದಲ್ಲೇ ಬಿಟ್ಟು ಹೋಗ್ತೆ."

"ಹೂನ್ರಿ," ಎಂದಿತು ಇಡೀ ಚಾಪೆ, ಒಂದೇ ದನಿಯಲ್ಲಿ.