ಬೂದಂಗಿಯವನ ಕಿರುಬೆರಳು

ಹುಬ್ಬಳ್ಳಿಯ ಬೆಂಗೇರಿ ಸಂತೆ ಬಯಲಿನ ಹಿಂದಿನ ಓಣಿಯಲ್ಲಿ ಶಿವಲಿಂಗವ್ವ ಒಂದು ಲೈಬ್ರರಿ ನಡೆಸುತ್ತಿದ್ದಳು. ಲೈಬ್ರರಿ ಎಂದರೆ ಅವಳ ಮನೆಯ ಪಡಸಾಲೆಯೇ. ಮೂರು ಕಟ್ಟಿಗೆಯ ಕಪಾಟು, ಅವುಗಳ ತುಂಬ ಕಾದಂಬರಿ, ಹಳೆಯ ವಾರಪತ್ರಿಕೆ, ಮಕ್ಕಳ ಚಿತ್ರಕಥೆ. ಗಂಡ ರಾಜಶೇಖರ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನು ಡ್ಯೂಟಿಗೆ ಹೋದ ಮೇಲೆ ಶಿವಲಿಂಗವ್ವ ಬಾಗಿಲು ತೆರೆದು ಕುಳಿತರೆ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಅವಳು ಓದಿದ್ದು ನಾಲ್ಕನೇ ಇಯತ್ತೆ ಮಾತ್ರ. ಆದರೆ ಕಪಾಟಿನಲ್ಲಿದ್ದ ಕನ್ನಡ ಪುಸ್ತಕಗಳಲ್ಲಿ ಅವಳು ಓದದೆ ಬಿಟ್ಟದ್ದು ಒಂದೂ ಇರಲಿಲ್ಲ. ಯಾವ ಪುಸ್ತಕ ಯಾರಿಗೆ ಹಿಡಿಸುತ್ತದೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಧೈರ್ಯ ಅವಳದು. ಅದು ಸುಳ್ಳಾಗಿದ್ದೂ ಕಡಿಮೆ.

ಹೊಸ ಸರಕಿಗೆ ಅವಳು ಸ್ಟೇಷನ್ ರಸ್ತೆಯ ಗೌಸಮೊದ್ದೀನನ ರದ್ದಿ ಅಂಗಡಿಗೆ ಹೋಗುತ್ತಿದ್ದಳು. ರೈಲಿನಲ್ಲಿ ಜನ ಬಿಟ್ಟುಹೋದ ಪುಸ್ತಕಗಳೆಲ್ಲ ಕೊನೆಗೆ ಅವನ ತಕ್ಕಡಿಗೇ ಬರುತ್ತಿದ್ದವು. ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಒಂದು ದಿನ ಆ ರಾಶಿಯಲ್ಲಿ ಅವಳ ಕೈಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ರಕ್ಷಾಪುಟ ಹರಿದುಹೋಗಿತ್ತು. ಒಳಗೆ ಇನ್ನೂರು ಪುಟ, ಎಲ್ಲವೂ ಚಿತ್ರ. ಅಲ್ಲಲ್ಲಿ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ.

“ಅದು ಇಂಗ್ಲಿಷಿಂದೈತ್ರಿ ಅಕ್ಕಾರ. ನಿಮ್ಮಲ್ಲಿ ಯಾರು ಓದ್ತಾರ?” ಎಂದ ಗೌಸಮೊದ್ದೀನ.

“ನಾ ಓದ್ತೇನಿ. ಕಟ್ರಿ” ಎಂದಳು ಶಿವಲಿಂಗವ್ವ.

ಅವಳಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆದರೂ ಓದಿದಳು. ಹದಿನೈದು ದಿನ ಮಧ್ಯಾಹ್ನದ ಹೊತ್ತು ಪುಟ ತಿರುವಿ, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು, ಒಂದೊಂದು ಚಿತ್ರದ ಮೂಲೆ ಮೂಲೆ ನೋಡಿದಳು. ಯಾವುದೋ ದೇಶದ ಯಾವುದೋ ಊರು. ಅಲ್ಲಿ ಬೂದಿ ಬಣ್ಣದ ಉದ್ದನೆಯ ಕೋಟು ತೊಟ್ಟು, ಕಣ್ಣಿನ ಸುತ್ತ ಮುಸುಕಿನ ಪಟ್ಟಿ ಕಟ್ಟಿಕೊಂಡು ಬಡವರ ಪರ ನಿಲ್ಲುವ ಒಬ್ಬ ಮನುಷ್ಯ. ಅವನಿಗೆ ಗುಂಡು ತಾಗುವುದಿಲ್ಲ, ಚೂರಿ ನಾಟುವುದಿಲ್ಲ. ಆದರೆ ಪ್ರತಿ ಹೊಡೆದಾಟದ ಮರುಪುಟದಲ್ಲಿ ಅವನು ಒಬ್ಬನೇ ಮನೆಯಲ್ಲಿ ಕುಳಿತು ಬಿಸಿನೀರಿನ ಬೋಗುಣಿಯಲ್ಲಿ ಕೈ ಇಳಿಬಿಟ್ಟಿರುತ್ತಾನೆ. ಮೈಮೇಲೆ ಗಾಯವಿಲ್ಲ, ಮುಖದ ಮೇಲೆ ನೋವಿದೆ. ಅವನ ಹೆಸರು ಅವಳಿಗೆ ತಿಳಿಯದ್ದರಿಂದ ತಾನೇ ಒಂದು ಹೆಸರಿಟ್ಟಳು: ಬೂದಂಗಿಯವ.

ಆ ಪುಸ್ತಕವನ್ನು ಅವಳು ಬಾಡಿಗೆಗೆ ಕೊಡಲಿಲ್ಲ. ಯಾರಾದರೂ ಕೇಳಿದರೆ ಪಕ್ಕದಲ್ಲಿ ಕೂರಿಸಿಕೊಂಡು, ತಾನೇ ಪುಟ ತಿರುವುತ್ತ ಕಥೆ ಹೇಳುತ್ತಿದ್ದಳು. ಪಕ್ಕದ ಮನೆಯ ದರ್ಜಿ ಮಾಬೂಬಿ ಅದನ್ನು ನಾಲ್ಕೈದು ಸಲ ಕೇಳಿದ್ದಳು. ಸತ್ತೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದ ಜಯಾ ರಜೆಯ ದಿನ ಕಾದಂಬರಿ ಬದಲಿಸಲು ಬಂದವಳು, ಅರ್ಧ ಕಥೆ ಕೇಳುತ್ತ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಕಥೆಯ ಕೊನೆಗೆ ಬಂದಾಗ ಶಿವಲಿಂಗವ್ವನ ದನಿ ತಗ್ಗುತ್ತಿತ್ತು. ಕೊನೆಯ ಪುಟದಲ್ಲಿ ಮಂಜು ಮುಸುಕಿದ ರಸ್ತೆ, ಒಂದು ಬಸ್ಸು, ಕಿಟಕಿಯಲ್ಲಿ ಬೂದಂಗಿಯವ. “ಊರು ಬಿಟ್ಟು ಹೊಂಟ. ಯಾರಿಗೂ ಹೇಳಲಿಲ್ಲ” ಎಂದು ಅವಳು ಪುಸ್ತಕ ಮುಚ್ಚುತ್ತಿದ್ದಳು.

ಹೀಗೆ ಹತ್ತು ವರ್ಷ ನಡೆಯಿತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅವಳು ಕೇಶ್ವಾಪುರದಿಂದ ನಡೆದು ಬರುತ್ತಿದ್ದಾಗ ಗೋಡೆಯ ಮೇಲೊಂದು ಪೋಸ್ಟರ್ ಕಂಡು ಗಕ್ಕನೆ ನಿಂತಳು. ಬೂದಿ ಬಣ್ಣದ ಕೋಟು, ಕಣ್ಣಿನ ಸುತ್ತ ಪಟ್ಟಿ. ಆದರೆ ಎದೆ ಕಣಜದಷ್ಟು ಅಗಲ, ವಯಸ್ಸು ಇಪ್ಪತ್ತೈದರ ಮೇಲಿಲ್ಲ. ಹಿಂದಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ. ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: “ಏನ್ರಿ, ನಮ್ಮ ಬೂದಂಗಿಯವನ ಸಿನಿಮಾ ಬಂದೈತಿ. ನಾಳೆ ಮ್ಯಾಟಿನಿಗೆ ಹೋಗೂಣು.”

ರಾಜಶೇಖರನಿಗೆ ಇಂಥ ಸಿನಿಮಾ ಸೇರುತ್ತಿರಲಿಲ್ಲ. ಆದರೆ ಹತ್ತು ವರ್ಷ ತನ್ನ ಪಡಸಾಲೆಯಲ್ಲೇ ಇದ್ದ ಮನುಷ್ಯನನ್ನು ನೋಡಲು ಬರುವುದಿಲ್ಲ ಎನ್ನುವುದು ಅವನಿಗೂ ಸರಿ ಕಾಣಲಿಲ್ಲ. ಇಬ್ಬರೂ ಹೋದರು. ಥಿಯೇಟರಿನ ತುಂಬ ಕಾಲೇಜು ಹುಡುಗರ ಸೀಟಿ. ಶಿವಲಿಂಗವ್ವ ಮಾತ್ರ ಪರೀಕ್ಷೆಗೆ ಕುಳಿತವಳಂತೆ ಕುಳಿತಿದ್ದಳು. ಒಮ್ಮೆ ಹಣೆ ಗಂಟಿಕ್ಕಿದಳು, ಒಮ್ಮೆ “ಹೌದ್ಹೌದು” ಎಂದು ಗೋಣು ಹಾಕಿದಳು. ಹೊರಗೆ ಬಂದಾಗ ರಾಜಶೇಖರ ಕೇಳಿದ: “ಹೆಂಗಿತ್ತು?”

“ಅರ್ಧಾ ಖರೇ ಐತಿ, ಅರ್ಧಾ ಸುಳ್ಳು. ನಾ ತೋರಿಸಿ ಹೇಳಬಲ್ಲೆ.”

ಅದನ್ನು ತೋರಿಸಿ ಹೇಳುವ ಜಾಗವನ್ನು ಹುಡುಕಿಕೊಟ್ಟವಳು ಜಯಾ. ಧಾರವಾಡದಲ್ಲಿ ಒಂದು ಫಿಲ್ಮ್ ಸೊಸೈಟಿ ಇತ್ತು. ಮುಂದಿನ ಭಾನುವಾರ ಮುಂಜಾನೆ ಅಲ್ಲಿ ಸಿದ್ಧಾರೂಢ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಇದೇ ಸಿನಿಮಾ ಮತ್ತು ಅದರ ಮೂಲ ಚಿತ್ರಕಾದಂಬರಿ ಎರಡನ್ನೂ ಹೋಲಿಸಿ ಮಾತನಾಡುವವರಿದ್ದರು. ಯಾರು ಬೇಕಾದರೂ ಬರಬಹುದಿತ್ತು.

“ಅಲ್ಲಿ ಎಲ್ಲಾ ಓದಿದವರು ಇರ್ತಾರಕ್ಕಾ. ಅಂಜಿಕಿ ಆಗೂದಿಲ್ಲೇನು?” ಎಂದು ಜಯಾ ಕೇಳಿದಳು.

“ನಾನೂ ಓದೇನಲ್ಲ” ಎಂದಳು ಶಿವಲಿಂಗವ್ವ. ಪುಸ್ತಕವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಇಬ್ಬರೂ ಬಸ್ಸು ಹಿಡಿದು ಧಾರವಾಡಕ್ಕೆ ಹೋದರು. ಸಣ್ಣ ಸಭಾಂಗಣ, ನಲವತ್ತು ಕುರ್ಚಿ. ಸಿದ್ಧಾರೂಢ ಸರ್ ಐವತ್ತರ ಆಸುಪಾಸಿನವರು, ಸಾವಕಾಶದ ಮಾತು. ಅವರ ಕೈಯಲ್ಲಿ ಅದೇ ಪುಸ್ತಕವಿತ್ತು, ರಕ್ಷಾಪುಟದ ಸಮೇತ. ಬೂದಂಗಿಯವನ ಖರೆಯ ಹೆಸರು ‘ಆ್ಯಶ್‌ಕೋಟ್’, ಅಂದರೆ ಬೂದಿ ಕೋಟು, ಎಂದು ಶಿವಲಿಂಗವ್ವನಿಗೆ ಗೊತ್ತಾದದ್ದು ಅಂದೇ. ತಾನಿಟ್ಟ ಹೆಸರು ಬಹಳ ದೂರ ಹೋಗಿಲ್ಲ ಎಂದು ಮನಸ್ಸಿನಲ್ಲೇ ಹಿಗ್ಗಿದಳು.

ಸರ್ ಒಂದು ತಾಸು ಮಾತನಾಡಿದರು. ಸಿನಿಮಾ ಪುಸ್ತಕಕ್ಕೆ ದ್ರೋಹ ಮಾಡಿದೆ ಎಂಬುದು ಅವರ ಮಾತಿನ ಸಾರ. ನಾಯಕನ ವಯಸ್ಸು ಇಳಿಸಿದ್ದಾರೆ, ಊರನ್ನು ಚಂದ ಮಾಡಿದ್ದಾರೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಪುಸ್ತಕದಲ್ಲಿ ಕೆಳಮನೆಯಲ್ಲಿದ್ದು ಅವನ ಕೋಟಿಗೆ ಇಸ್ತ್ರಿ ಮಾಡುವ ಮುದುಕಿಯನ್ನು ಸಿನಿಮಾದವರು ಅವನ ತಾಯಿ ಮಾಡಿಬಿಟ್ಟಿದ್ದಾರೆ. “ಮಂದೀನ ಅಳಸಾಕ ಒಂದು ತಾಯಿ ಬೇಕಾಗಿತ್ತು ಅವರಿಗೆ. ಪುಸ್ತಕದಾಗ ಆಕಿ ಯಾರೋ ಒಬ್ಬಾಕಿ” ಎಂದರು. ಜನ ನಕ್ಕರು. ಕಥೆಯ ಕೊನೆಯನ್ನು ಮಾತ್ರ, ಸಿನಿಮಾ ಇನ್ನೂ ನೋಡದವರಿಗಾಗಿ, ಹೇಳದೆ ಬಿಟ್ಟರು. ಮಾತು ಮುಗಿಸಿ ಸರ್ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

ಶಿವಲಿಂಗವ್ವ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಸರ, ನಾನು ಬೆಂಗೇರಿಯಿಂದ ಬಂದೇನ್ರಿ. ಒಂದು ಮಾತು ನೀವು ಬಿಟ್ರಿ. ಪುಸ್ತಕದಾಗ ಅವ ಹೊಡದಾಡಿ ಬಂದಾಗೊಮ್ಮೆ ಕೈ ಬಿಸಿನೀರಾಗ ಇಡ್ತಾನ. ಹನ್ನೊಂದು ಸಲ ಇಡ್ತಾನ, ಎಣಿಸೇನಿ. ಸಿನಿಮಾದಾಗ ಒಂದು ಸಲನೂ ಇಲ್ಲ. ಅಲ್ಲಿ ಅವಂಗ ನೋವs ಇಲ್ಲ. ನೋವಿಲ್ಲದಾಂವ ಹೊಡದ್ರ ಅದರಾಗೇನು ದೊಡ್ಡಸ್ತಿಕಿ ಐತ್ರಿ?”

ಸರ್ ತಮ್ಮ ಪುಸ್ತಕದ ಪುಟ ತಿರುವಿದರು. “ಹೌದಲ್ರಿ ಅವ್ವಾರ! ಆ ಪುಟಗಳೊಳಗ ಮಾತಿಲ್ಲ. ನಾ ಲಗೂ ದಾಟಿ ಹೋಗಿದ್ದೆ.”

“ಇನ್ನೊಂದೈತ್ರಿ” ಎಂದಳು ಶಿವಲಿಂಗವ್ವ. ಈ ಸಲ ಎದುರಿನ ಮೇಜಿನವರೆಗೆ ನಡೆದು ಹೋಗಿ ದುಪ್ಪಟಿ ಬಿಚ್ಚಿದಳು. “ಆ ಮುದುಕಿ ಯಾರೋ ಒಬ್ಬಾಕಿ ಅಲ್ಲ. ಆಕಿ ಅವನ ತಾಯಿನs. ಈ ಮಾತಿನಾಗ ಸಿನಿಮಾದವರು ಖರೇ ಹೇಳ್ಯಾರ.”

“ಆಕಿ ತಾನs ಹೇಳ್ತಾಳಲ್ರಿ, ನನಗ ಮಕ್ಕಳಿಲ್ಲ ಅಂತ. ನೋಡ್ರಿ, ಇಲ್ಲಿ ಬರದೈತಿ” ಎಂದು ಸರ್ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಹೇಳಿರಬಹುದ್ರಿ. ಮಂದಿ ಏನೇನೋ ಹೇಳ್ತಾರ. ಕೈ ನೋಡ್ರಿ.” ಅವಳು ಪುಟ ತೆರೆದಳು. ಇಸ್ತ್ರಿಪೆಟ್ಟಿಗೆ ಹಿಡಿದ ಮುದುಕಿಯ ಒಂದು ಕೈ, ಕೋಟು ಒತ್ತಿಹಿಡಿದ ಇನ್ನೊಂದು ಕೈ. ಎರಡರಲ್ಲೂ ಕಿರುಬೆರಳು ತುದಿಯಲ್ಲಿ ಒಳಕ್ಕೆ ಬಾಗಿದೆ. ಇನ್ನೊಂದು ಪುಟ. ಬೋಗುಣಿಯಲ್ಲಿ ಮುಳುಗಿದ ಅವನ ಎರಡೂ ಕೈ. ಅಲ್ಲಿಯೂ ಕಿರುಬೆರಳಿಗೆ ಅದೇ ಬಾಗು.

“ಬೆರಳು ಮುರಿದು ಕೂಡಿದ್ದರೂ ಹಂಗ ಆಗಬಹುದು” ಎಂದ ಹಿಂದಿನ ಸಾಲಿನ ಒಬ್ಬ.

ಆಗ ಜಯಾ ಎದ್ದು ಬಂದಳು. “ನಾ ಇಪ್ಪತ್ತು ವರ್ಷದಿಂದ ಎಕ್ಸ್‌ರೇ ತಗಿಯಾಕತ್ತೇನ್ರಿ. ಮುರಿದ ಬೆರಳು ಒಂದs ಕೈಯಾಗ ಇರ್ತದ. ಇಲ್ಲಿ ಇಬ್ಬರಿಗೂ ಎರಡೂ ಕೈಯಾಗ ಒಂದs ನಮೂನಿ ಬಾಗೈತಿ. ಇದು ಹುಟ್ಟತಾ ಬಂದದ್ದು. ಮನಿತನದಾಗ ತಾಯಿಯಿಂದ ಮಗಂಗ ಹಿಂಗ ಇಳಿದು ಬರ್ತದ.”

ಕುರ್ಚಿಗಳು ಖಾಲಿಯಾದವು. ಎಲ್ಲರೂ ಮೇಜಿನ ಸುತ್ತ ನೆರೆದರು. ಪುಸ್ತಕದಲ್ಲಿ ಬೇರೆ ಯಾರ ಬೆರಳಾದರೂ ಹಾಗಿದೆಯೇ ಎಂದು ಹುಡುಕಿದರು. ಇರಲಿಲ್ಲ. ಸಿದ್ಧಾರೂಢ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ಬರದಾಂವ ಮುಚ್ಚಿಟ್ಟಾನ, ಚಿತ್ರ ತಗದಾಂವ ತೋರಿಸ್ಯಾನ. ನಾನು ಎಂಟು ವರ್ಷದಿಂದ ಇದನ್ನ ಕ್ಲಾಸಿನಾಗ ಪಾಠ ಮಾಡಾಕತ್ತೇನಿ, ನನ್ನ ಕಣ್ಣಿಗೆ ಬೀಳಲಿಲ್ಲ.” ಆಮೇಲೆ ಕೇಳಿದರು: “ಮಕ್ಕಳಿಲ್ಲ ಅನ್ನೂ ಆಕಿ ಮಾತು ಓದುಮುಂದ ನಿಮಗ ಅನುಮಾನ ಬರಲಿಲ್ಲೇನ್ರಿ?”

“ನಂಗ ಇಂಗ್ಲಿಷ್ ಬರೂದಿಲ್ರಿ ಸರ. ಒಂದಕ್ಷರನೂ ಬರೂದಿಲ್ಲ.”

ಯಾರೂ ನಗಲಿಲ್ಲ. ಸರ್ ಅವಳಿಗೆ ತಮ್ಮ ಕುರ್ಚಿ ಎಳೆದು ಕೊಟ್ಟರು. ಅವಳು ಕುಳಿತಳು. ಗೆದ್ದ ಹುರುಪಿನಲ್ಲಿ ಕೊನೆಯ ಪುಟವನ್ನೂ ತೆರೆದಳು. “ಕಡೀಕ ಅವ ಊರು ಬಿಟ್ಟು ಹೋಗೂದನ್ನೂ ಸಿನಿಮಾದವರು ಇದ್ದದ್ದು ಇದ್ದಂಗ ತೋರಿಸ್ಯಾರ. ಅದೂ ಬರೋಬ್ಬರಿ ಐತ್ರಿ.”

ಸಿದ್ಧಾರೂಢ ಸರ್ ತಡವರಿಸಿದರು. ಹೇಳಲೋ ಬೇಡವೋ ಎಂಬಂತೆ ಜಯಾಳ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಅವ್ವಾರ, ಬಸ್ಸಿನ ಮ್ಯಾಲೆ ಬೋರ್ಡ್ ಐತಿ ನೋಡ್ರಿ. ಅದರ ಮ್ಯಾಲೆ ಅವನ ಊರಿನ ಹೆಸರೈತಿ. ಬಸ್ಸು ಆ ಊರಿಗೆ ಹೊಂಟೈತಿ. ಪುಸ್ತಕದ ಈ ಪುಟದಾಗ ಅವ ಹೋಗೂದಿಲ್ಲ, ಹೋದಾಂವ ತಿರುಗಿ ಬರ್ತಾನ.”

ಶಿವಲಿಂಗವ್ವ ಪುಸ್ತಕದ ಮೇಲೆ ಬಗ್ಗಿದಳು. ಮಂಜಿನೊಳಗೆ ಸಣ್ಣ ಬೋರ್ಡು, ಅದರೊಳಗೆ ಇರುವೆ ಸಾಲಿನಂಥ ಅಕ್ಷರ. ಹತ್ತು ವರ್ಷ ಅವಳು ಅದನ್ನು ನೋಡಿದ್ದಳು. ಅದು ಬಸ್ಸಿನ ಬಣ್ಣದ ಗೆರೆ ಎಂದೇ ತಿಳಿದಿದ್ದಳು. ಅವಳ ಮುಖ ಬಿಸಿಯಾಯಿತು. ಒಂದು ಗಳಿಗೆ ಪುಸ್ತಕ ಸುತ್ತಿಕೊಂಡು ಎದ್ದುಹೋಗಬೇಕು ಎನಿಸಿತು. ಹೋಗಲಿಲ್ಲ.

“ಹಂಗಾರ ನಾ ಹತ್ತು ವರ್ಷ ಮಂದಿಗೆ ತಪ್ಪು ಹೇಳೇನಿ” ಎಂದಳು, ಎಲ್ಲರಿಗೂ ಕೇಳುವಂತೆ. ಮತ್ತೊಮ್ಮೆ ಚಿತ್ರ ನೋಡಿದಳು. ಮೆಲ್ಲಗೆ ಮುಖ ಸಡಿಲಾಯಿತು. “ಆದ್ರ ಛಲೋ ಆತು ಬಿಡ್ರಿ. ಅವ ಬಂದನಲ್ಲ! ಸಿನಿಮಾದವರದು ಇದೂ ಸುಳ್ಳಾತು.”

ಸರ್ ಹೊಟ್ಟೆ ತುಂಬ ನಕ್ಕರು. ಅವಳೂ ನಕ್ಕಳು.

ಹುಬ್ಬಳ್ಳಿಗೆ ಬಂದವಳು ತನ್ನ ಮನೆಯೊಳಗೆ ಕಾಲಿಡುವ ಮೊದಲು ಮಾಬೂಬಿಯ ಬಾಗಿಲಿಗೆ ಹೋದಳು. ಮಾಬೂಬಿ ಮಷಿನ್ ಮೇಲೆ ಒಂದು ರವಿಕೆ ಹೊಲಿಯುತ್ತಿದ್ದಳು.

“ಮಾಬೂಬಿ, ನಾ ನಿಂಗ ಕಥಿ ತಪ್ಪು ಹೇಳೇನಿ. ಬೂದಂಗಿಯವ ಕಡೀಕ ಊರು ಬಿಟ್ಟು ಹೋಗೂದಿಲ್ಲ. ತಿರುಗಿ ಬರ್ತಾನಂತ.”

ಮಾಬೂಬಿ ಮಷಿನ್ ತುಳಿಯುವುದನ್ನು ನಿಲ್ಲಿಸಲೇ ಇಲ್ಲ. “ನಂಗ ಗೊತ್ತಿತ್ರಿ ಅಕ್ಕಾರ.”

“ಹೆಂಗ? ನಿಂಗ ಇಂಗ್ಲಿಷ್ ಬರ್ತದೇನು?”

“ಇಂಗ್ಲಿಷ್ ಯಾಕ ಬೇಕ್ರಿ? ಆ ಕೋಟು ನೋಡ್ರಿ. ಮುದುಕಿ ಇಸ್ತ್ರಿ ಮಾಡಿ ಕೊಟ್ಟ ಕೋಟು ಹಾಕ್ಕೊಂಡು ಊರು ಬಿಡಾಂವ ಆಗಿದ್ರ ಗೀರು ನೆಟ್ಟಗಿರ್ತಿತ್ತು. ಕಡೀ ಪುಟದಾಗ ತೋಳೆಲ್ಲಾ ಮುದ್ದಿ ಆಗೈತಿ, ಹೆಗಲು ಸುಕ್ಕುಗಟ್ಟೈತಿ. ದೂರದಿಂದ ಕುಂತು ಬಂದ ಕೋಟದು.”

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀವು ಅಷ್ಟು ಚಂದ ಹೇಳ್ತಿದ್ರಿ. ನಡುವ ಬಾಯಿ ಹಾಕಾಕ ಮನಸ್ಸಾಗಲಿಲ್ಲ” ಎಂದು ಮಾಬೂಬಿ ದಾರ ಕಚ್ಚಿ ಕತ್ತರಿಸಿದಳು.

ಸಿದ್ಧಾರೂಢ ಸರ್ ಮುಂದಿನ ತಿಂಗಳು ಬೆಂಗೇರಿಗೇ ಬಂದರು. ಅವರಿಗೆ ತಮ್ಮ ಪುಸ್ತಕವನ್ನು ಅವಳೊಂದಿಗೆ ಕುಳಿತು ಮೊದಲಿನಿಂದ ನೋಡಬೇಕಾಗಿತ್ತು. ಶಿವಲಿಂಗವ್ವ ಒಂದು ಷರತ್ತು ಹಾಕಿದಳು. ಕಾಗದದ ತುಂಡುಗಳಿಂದ ಮಾತುಗಳನ್ನು ಮುಚ್ಚಿ ಮೊದಲು ಚಿತ್ರ ನೋಡಬೇಕು, ಆಮೇಲೆ ಕಾಗದ ತೆಗೆದು ಅವರು ಓದಿ ಅರ್ಥ ಹೇಳಬೇಕು. ಹಾಗೆ ಆರು ಭಾನುವಾರ ಕಳೆದವು. ಜಯಾ ಬರುತ್ತಿದ್ದಳು, ಮಾಬೂಬಿಯೂ ಹೊಲಿಗೆ ಬಿಟ್ಟು ಬಂದು ಕೂರುತ್ತಿದ್ದಳು. ಅವಲಕ್ಕಿ, ಚಹಾ ರಾಜಶೇಖರನ ಪಾಲಿಗೆ ಬಂತು. ಸರ್ ಮುಂದೆ ತಮ್ಮ ಕ್ಲಾಸಿನಲ್ಲಿಯೂ ಇದೇ ರೀತಿ ಪಾಠ ಶುರುಮಾಡಿದರು. ಇದನ್ನು ಕಲಿಸಿದವರು ಬೆಂಗೇರಿಯ ಶಿವಲಿಂಗವ್ವನವರು ಎಂದು ಹುಡುಗರಿಗೆ ಹೆಸರು ಹಿಡಿದು ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಅವಳನ್ನೇ ಕರೆಸಿ ಮಾತಾಡಿಸುವುದೂ ರೂಢಿಯಾಯಿತು.

ಇತ್ತ ನಲವತ್ತೇಳನೆಯ ವಯಸ್ಸಿನಲ್ಲಿ ಶಿವಲಿಂಗವ್ವ ಜಯಾಳ ಕೈಯಲ್ಲಿ ಇಂಗ್ಲಿಷ್ ಅಕ್ಷರ ಕಲಿಯಲು ಕುಳಿತಳು. ಮೊದಲ ಆರು ತಿಂಗಳು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದಿದಳು. ಎರಡು ಸಾವಿರದ ಎಂಟರಲ್ಲಿ ಒಂದು ಮಧ್ಯಾಹ್ನ ಬೂದಂಗಿಯವನ ಪುಸ್ತಕ ತೆಗೆದು, ಯಾರ ನೆರವೂ ಇಲ್ಲದೆ ಒಂದು ಇಡೀ ಸಾಲನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಪುಟದ ತುಂಬ ಧೋ ಎಂದು ಮಳೆ ಸುರಿಯುವ ಚಿತ್ರ. ಓದಿ ಮುಗಿಸಿ ಒಳಗಿದ್ದ ಗಂಡನನ್ನು ಕೂಗಿದಳು.

“ಏನ್ರಿ, ಇಲ್ಲಿ ಬರ್ರಿ. ಇವ ಇಲ್ಲಿ ಏನು ಬರದಾನ ಗೊತ್ತೇನು? ಮಳಿ ಬರಾಕತ್ತೈತಿ ಅಂತ ಬರದಾನ! ಅದು ಕಾಣಾಕತ್ತಿಲ್ಲೇನು ಮತ್ತ?”